ಹಿಮದಲ್ಲಿ ಹುಟ್ಟಿ ಎರೆಮಣ್ಣಿಗೆ ಒಗ್ಗಿದ ಚೈನ್ ಟ್ರ್ಯಾಕ್ಟರ್

ಕೃಷ್ಣಾ ಮತ್ತು ಭೀಮಾ ನದಿಗಳು ಒಂದಾಗುವ ಮುನ್ನ ತಮ್ಮ ನಡುವೆ ಬಿಟ್ಟುಕೊಂಡಿರುವ ನೆಲದಲ್ಲಿ ಯಾದಗಿರಿ ಜಿಲ್ಲೆಯ ವಡಗೇರಾ ತಾಲ್ಲೂಕು ಹರಡಿಕೊಂಡಿದ್ದು, ಅಲ್ಲಿನ ಬಹುಪಾಲು ಹೊಲಗಳು ಎರೆಮಣ್ಣಿನವು. ಈ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇರುವುದು ಜೇಡಿಯ ಅತಿಸೂಕ್ಷ್ಮ ಕಣಗಳಾದ್ದರಿಂದ, ಮಳೆ ಬಿದ್ದಾಗ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಹದ ಮೀರಿ ತೊಯ್ದ ಎರೆಹೊಲಕ್ಕೆ ಗಾಲಿಯ ಟ್ರ್ಯಾಕ್ಟರನ್ನು ಇಳಿಸುವುದೆಂದರೆ ಅದನ್ನು ಎಳೆದು ತರಲು ಇನ್ನೊಂದು ಟ್ರ್ಯಾಕ್ಟರನ್ನು ಹುಡುಕುವುದೆಂದೇ ಅರ್ಥ. ಅಂಥ ನೆಲದಲ್ಲೂ ಹೂತುಹೋಗದೆ, ನಿಧಾನವಾಗಿಯಾದರೂ ಮುಂದೆ ಸಾಗಬಲ್ಲ ಯಂತ್ರವೊಂದಿದ್ದು, ಅದನ್ನು ಜನ ಚೈನ್ ಡೋಜರ್ ಎನ್ನುತ್ತಾರೆ. ಅದೇ ಜಾತಿಯ ಯಂತ್ರ ಕಾಶ್ಮೀರದಿಂದ ಲಡಾಖಿಗೆ ಹೋಗುವ, ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ ಪ್ರತಿವರ್ಷ ಆಳೆತ್ತರದ ಹಿಮವನ್ನು ಪ್ರಪಾತಕ್ಕೆ ತಳ್ಳುತ್ತದೆ. ಹಿಮವನ್ನೇ ಕಾಣದ ನಾಡಿಗೂ ಹಿಮ ಕರಗದ ನಾಡಿಗೂ ಒಂದೇ ಯಂತ್ರ ಹೇಗೆ ಒಗ್ಗಿತು ಎಂಬುದು ಕೇಳಬೇಕಾದ ಪ್ರಶ್ನೆಯೇ ಆದರೂ, ಲೆಕ್ಕ ಹಾಕಿ ನೋಡಿದರೆ ಚೈನಿನ ನಿಜವಾದ ಸಾಮರ್ಥ್ಯ ತೋರಿಬರುವುದು ಹಿಮದಲ್ಲಿ ಅಲ್ಲ, ಕೆಸರಿನಲ್ಲಿ.

ಚೈನ್ ಟ್ರ್ಯಾಕ್ಟರ್ ಎಂದರೆ ಗಾಲಿಗಳ ಬದಲಿಗೆ ಎರಡೂ ಬದಿಯಲ್ಲಿ ಕೊನೆಯಿಲ್ಲದ ಉಕ್ಕಿನ ಸರಪಳಿಗಳ ಮೇಲೆ ಚಲಿಸುವ ಎಳೆಯಂತ್ರ. ಅದರ ಮುಂದೆ ಮಣ್ಣು ತಳ್ಳುವ ಬ್ಲೇಡ್ ಕಟ್ಟಿದಾಗ ಅದೇ ಬುಲ್ಡೋಜರ್ ಆಗುತ್ತದೆ. ಹಿಂಬದಿಯ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಎಂಜಿನ್ನಿನ ಬಲದಿಂದ ಸರಪಳಿಯನ್ನು ಎಳೆಯುತ್ತದೆ. ಮುಂಬದಿಯ ಹಲ್ಲಿಲ್ಲದ ಐಡ್ಲರ್ ಚಕ್ರ ಸರಪಳಿಯನ್ನು ಬಿಗಿಯಾಗಿ ಹಿಡಿದು ತಿರುಗಿಸುತ್ತದೆ. ಇವೆರಡರ ನಡುವೆ ಸಾಲಾಗಿ ಕೂತ ರೋಲರ್‌ಗಳು ಯಂತ್ರದ ಪೂರ್ತಿ ಭಾರವನ್ನು ಸರಪಳಿಯ ಮೇಲೆ ಹಂಚುತ್ತವೆ. ಸರಪಳಿಯ ಹೊರಮೈಗೆ ಬೋಲ್ಟ್ ಹಾಕಿ ಕೂರಿಸಿದ ಅಗಲವಾದ ಉಕ್ಕಿನ ತಟ್ಟೆಗಳೇ ಪ್ಯಾಡ್‌ಗಳು, ಪ್ರತಿ ಪ್ಯಾಡಿನ ಮೇಲೆ ಅಡ್ಡಲಾಗಿ ಎದ್ದುನಿಂತು ನೆಲಕ್ಕೆ ಕಚ್ಚುವ ಏಣು ಗ್ರೌಸರ್. ಹಳೆಯ ಯಂತ್ರಗಳಲ್ಲಿ ಸ್ಟಿಯರಿಂಗ್ ಚಕ್ರವೇ ಇರುವುದಿಲ್ಲ. ಎಡಕ್ಕೆ ತಿರುಗಬೇಕಾದರೆ ಚಾಲಕ ಎಡ ಚೈನಿನ ಕ್ಲಚ್ಚನ್ನು ಬಿಡಿಸಿ ಅದರ ಬ್ರೇಕ್ ಒತ್ತುತ್ತಾನೆ, ಬಲ ಚೈನು ಓಡುತ್ತಲೇ ಇದ್ದು ಯಂತ್ರ ನಿಂತಲ್ಲೇ ಹೊರಳುತ್ತದೆ.

ಇಷ್ಟೊಂದು ಉಕ್ಕನ್ನು ಹೊತ್ತ ಯಂತ್ರ ಮೆತ್ತನೆಯ ನೆಲದಲ್ಲಿ ಹೂತುಹೋಗದಿರಲು ಕಾರಣ ಅದರ ತೂಕ ಹರಡಿಕೊಳ್ಳುವ ರೀತಿ. ಹನ್ನೆರಡು ಟನ್ ತೂಗುವ ಡೋಜರೊಂದರ ಪ್ರತಿ ಚೈನು 46 ಸೆಂಟಿಮೀಟರ್ ಅಗಲವಿದ್ದು, 2.3 ಮೀಟರ್ ಉದ್ದಕ್ಕೆ ನೆಲವನ್ನು ಮುಟ್ಟುತ್ತದೆ ಎಂದು ಭಾವಿಸಿದರೆ, ಎರಡೂ ಚೈನು ಸೇರಿ ನೆಲಕ್ಕೆ ತಾಗುವ ವಿಸ್ತೀರ್ಣ ಎರಡು ಚದರ ಮೀಟರನ್ನು ಮೀರುತ್ತದೆ, ಆಗ ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ 0.57 ಕಿಲೋಗ್ರಾಂ ಮಾತ್ರ. ಗಾಲಿಯ ವಾಹನದ ಟೈರು, ತನ್ನೊಳಗೆ ಗಾಳಿಯ ಒತ್ತಡ ಎಷ್ಟಿದೆಯೋ ಸುಮಾರು ಅಷ್ಟೇ ಒತ್ತಡವನ್ನು ನೆಲಕ್ಕೂ ದಾಟಿಸುವುದರಿಂದ, ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿ ಈ ಅಂಕಿ ಒಂದು ಕಿಲೋಗ್ರಾಮಿನ ಆಸುಪಾಸಿಗೂ, ಸರಕು ತುಂಬಿದ ಲಾರಿಯಲ್ಲಿ ಏಳು ಕಿಲೋಗ್ರಾಮಿನ ಆಸುಪಾಸಿಗೂ ಬರುತ್ತದೆ. ನಾಲ್ಕು ಗೊರಸಿನ ಮೇಲೆ ಸುಮ್ಮನೆ ನಿಂತ ಎತ್ತು ಕೂಡ ಈ ಲೆಕ್ಕದಲ್ಲಿ ಡೋಜರಿಗಿಂತ ಹೆಚ್ಚು ಒತ್ತಡವನ್ನು ನೆಲದ ಮೇಲೆ ಹಾಕುತ್ತದೆ ಎಂದರೆ ನಂಬಲು ತುಸು ಕಷ್ಟವಾದರೂ ಅದು ನಿಜ.

ಈ ಉಪಾಯ ಹೊಳೆದದ್ದು ಎರಡು ಬೇರೆ ಬೇರೆ ಕಡೆ, ಎರಡು ಬೇರೆ ಬೇರೆ ಸಂಕಟಗಳಿಂದ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ಚಳಿಗಾಲದ ಹಿಮದ ಮೇಲೆಯೇ ಸಾಗಿಸಬೇಕಾಗಿತ್ತು, ಆ ಕೆಲಸದಲ್ಲಿ ಕುದುರೆಗಳು ಸೋತು ಸಾಯುತ್ತಿದ್ದವು. ಆಲ್ವಿನ್ ಲೊಂಬಾರ್ಡ್ ಎಂಬಾತ ಹಿಂದೆ ಚೈನು, ಮುಂದೆ ಚಕ್ರಗಳ ಬದಲು ಹಿಮದ ಮೇಲೆ ಜಾರುವ ಹಲಗೆಗಳಿದ್ದ ಉಗಿಯಂತ್ರವೊಂದನ್ನು ರೂಪಿಸಿ 1901ರ ಮೇ 21ರಂದು ಅದಕ್ಕೆ ಪೇಟೆಂಟ್ ಪಡೆದನು. ಆ ಯಂತ್ರದ ದಿಕ್ಕು ತಿರುಗಿಸುವವನು ಬಾಯ್ಲರಿಗೂ ಮುಂದೆ, ಬಯಲಲ್ಲಿ, ಕೊರೆಯುವ ಗಾಳಿಗೆ ಎದೆಯೊಡ್ಡಿ ಕೂರಬೇಕಿತ್ತು. ಅದೇ ಕಾಲಕ್ಕೆ ಖಂಡದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ, ಸ್ಟಾಕ್ಟನ್ ಸಮೀಪದ ನದೀಮುಖಜ ಭೂಮಿಯ ಮೆದುಮಣ್ಣಿನಲ್ಲಿ ಬೆಂಜಮಿನ್ ಹೋಲ್ಟ್ ತಯಾರಿಸಿದ ಉಗಿ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದವು. ಗಾಲಿಗಳನ್ನು ಅಗಲ ಮಾಡುತ್ತ ಹೋದ ಹೋಲ್ಟ್, ಕೊನೆಗೆ ಪೂರ್ತಿ ಹದಿನಾಲ್ಕು ಮೀಟರ್ ಅಗಲದ ಟ್ರ್ಯಾಕ್ಟರೊಂದನ್ನೂ ಕಟ್ಟಿ ನೋಡಿದನು. ಆ ದಾರಿಗೆ ಕೊನೆಯಿಲ್ಲವೆಂದು ತಿಳಿದ ಮೇಲೆ 1904ರ ನವೆಂಬರ್ 24ರಂದು ಗಾಲಿಗಳನ್ನೇ ಕಿತ್ತು ಮರದ ಹಲಗೆಗಳ ಚೈನನ್ನು ಪರೀಕ್ಷಿಸಿದನು. ಅದು ಕಂಬಳಿಹುಳುವಿನಂತೆ ತೆವಳುತ್ತದೆ ಎಂದು ನೋಡಿದವರು ಆಡಿದ ಮಾತೇ ಕ್ಯಾಟರ್ಪಿಲ್ಲರ್ ಎಂಬ ಹೆಸರಾಗಿ, ಹೋಲ್ಟ್ ಮತ್ತು ಅದರ ಪ್ರತಿಸ್ಪರ್ಧಿಯಾಗಿದ್ದ ಬೆಸ್ಟ್ ಕಂಪನಿಗಳು 1925ರಲ್ಲಿ ಒಂದಾದಾಗ ಹೊಸ ಕಂಪನಿಯ ಹೆಸರೂ ಆಯಿತು. ಹೀಗೆ ಒಬ್ಬನಿಗೆ ಹಿಮ, ಇನ್ನೊಬ್ಬನಿಗೆ ಕೆಸರು ಗುರುವಾದವು.

ಆದರೆ ಹೂತುಹೋಗದಿರುವುದು ಬೇರೆ, ಎಳೆಯುವುದು ಬೇರೆ. ಯಂತ್ರವೊಂದು ತನ್ನ ತೂಕದ ಎಷ್ಟು ಪಾಲನ್ನು ಎಳೆಯುವ ಬಲವಾಗಿ ಪರಿವರ್ತಿಸಬಲ್ಲದು ಎಂಬ ಪ್ರಮಾಣವನ್ನು ಎಂಜಿನಿಯರುಗಳು ಹಿಡಿತದ ಗುಣಾಂಕ ಎನ್ನುತ್ತಾರೆ, ಮಣ್ಣಿನ ಕಾಮಗಾರಿಯ ಕೈಪಿಡಿಗಳಲ್ಲಿ ಬೇರೆ ಬೇರೆ ನೆಲಕ್ಕೆ ಅದರ ಅಂದಾಜು ಬೆಲೆಗಳು ಸಿಗುತ್ತವೆ. ಒಣ ಜೇಡಿಮಣ್ಣಿನ ಮೇಲೆ ಟೈರಿಗೆ 0.55, ಚೈನಿಗೆ 0.90, ತೊಯ್ದ ಜೇಡಿಯ ಮೇಲೆ ಟೈರಿಗೆ 0.45, ಚೈನಿಗೆ 0.70, ತುಳಿದು ಗಟ್ಟಿಯಾದ ಹಿಮದ ಮೇಲೆ ಟೈರಿಗೆ 0.20, ಚೈನಿಗೆ 0.27, ಮಂಜುಗಡ್ಡೆಯ ಮೇಲೆ ಎರಡಕ್ಕೂ ಒಂದೇ, 0.12. ಮೇಲೆ ಹೇಳಿದ ಹನ್ನೆರಡು ಟನ್ನಿನ ಡೋಜರ್ ತೊಯ್ದ ಎರೆಯಲ್ಲಿ ಎಂಟು ಟನ್ನಿಗೂ ಹೆಚ್ಚಿನ ಬಲದಿಂದ ಎಳೆಯಬಲ್ಲದಾದರೆ, ಮಂಜುಗಡ್ಡೆಯ ಮೇಲೆ ಒಂದೂವರೆ ಟನ್ನಿಗೂ ಅದಕ್ಕೆ ಹಿಡಿತ ಸಿಗುವುದಿಲ್ಲ. ಚೈನು ಹಿಮದ ರಾಜ ಎಂಬ ಸಾಮಾನ್ಯ ನಂಬಿಕೆಯನ್ನು ಈ ಅಂಕಿಗಳು ಸ್ವಲ್ಪ ತಿದ್ದುತ್ತವೆ. ಆಳವಾದ, ಸಡಿಲ ಹಿಮದಲ್ಲಿ ಮುಳುಗದೆ ನಿಲ್ಲುವ ಗುಣ ಚೈನಿಗೆ ಇದ್ದೇ ಇದೆ. ಆದರೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಡ್ಡೆಯಾದ ಮೇಲೆ ಉಕ್ಕಿನ ಪ್ಯಾಡಿಗೂ ರಬ್ಬರ್ ಟೈರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದಲೇ ಹಿಮದ ನಾಡುಗಳಲ್ಲಿ ಹಳೆಯ ಚೈನ್ ಟ್ರ್ಯಾಕ್ಟರ್ ಇಟ್ಟುಕೊಂಡವರು ಹಿಮ ಬಿದ್ದ ಕೂಡಲೇ, ಅದು ಗಡ್ಡೆಕಟ್ಟುವ ಮುನ್ನ, ದಾರಿ ಬಿಡಿಸಲು ಅವಸರಪಡುತ್ತಾರೆ.

ಹಿಮಕ್ಕೂ ಎರೆಗೂ ಇರುವ ಇನ್ನೊಂದು ನಂಟು ಪ್ಯಾಡಿನ ನಡುವೆ ಕೊರೆದ ಒಂದು ತೂತಿನಲ್ಲಿ ಕಾಣುತ್ತದೆ. ಚೈನು ತಿರುಗುವಾಗ ಮೇಲೆದ್ದ ಮಣ್ಣು ಸ್ಪ್ರಾಕೆಟ್ಟಿನ ಹಲ್ಲಿಗೂ, ಚೈನಿನ ಕೊಂಡಿಗಳನ್ನು ಬೆಸೆಯುವ ಪಿನ್ನಿನ ಮೇಲಿನ ಉಕ್ಕಿನ ಕೊಳವೆಯಾದ ಬುಷ್‌ಗೂ ನಡುವೆ ಸಿಕ್ಕಿ, ಸುತ್ತು ಸುತ್ತಿಗೂ ಒತ್ತಿ ಒತ್ತಿ ಗಟ್ಟಿಯಾಗುತ್ತದೆ. ಹಲ್ಲು ಪೂರ್ತಿ ಕೂರಲು ಜಾಗವಿಲ್ಲದೆ ಚೈನು ತಂತಿಯಂತೆ ಬಿಗಿಯುತ್ತದೆ, ಪಿನ್ನು ಮತ್ತು ಬುಷ್‌ಗಳು ದಿನಕ್ಕೆ ಸವೆಯಬೇಕಾದಷ್ಟು ಗಂಟೆಯೊಳಗೆ ಸವೆಯುತ್ತವೆ. ಹಿಮ ಸಿಕ್ಕಿಕೊಂಡಾಗಲೂ ಆಗುವುದು ಇದೇ, ಅಲ್ಲಿ ಒತ್ತಿದ ಹಿಮ ಗಡ್ಡೆಯಾಗುತ್ತದೆ ಅಷ್ಟೆ. ಎರಡಕ್ಕೂ ಕಂಡುಕೊಂಡ ಪರಿಹಾರ ಪ್ಯಾಡಿನ ಮಧ್ಯದಲ್ಲಿ ತೂತು ಬಿಡುವುದು; ಹಲ್ಲು ಒತ್ತಿದಾಗ ಸಿಕ್ಕಿದ ಮಣ್ಣು ಅಥವಾ ಹಿಮ ಆ ತೂತಿನಿಂದ ಹೊರಗೆ ಹಿಸುಕಿಕೊಂಡು ಬೀಳುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ರೋಲರ್‌ಗಳ ನಡುವಿನ ಮಣ್ಣನ್ನು ಸಲಿಕೆಯಿಂದ ಕೆರೆದು ತೆಗೆಯುವ ಕಟ್ಟುನಿಟ್ಟೂ ಎರಡೂ ಕಡೆ ಒಂದೇ. ಲಡಾಖಿನಲ್ಲಿ ಅದನ್ನು ಬಿಟ್ಟರೆ ಬೆಳಗಾಗುವಷ್ಟರಲ್ಲಿ ರೋಲರ್ ಹೆಪ್ಪುಗಟ್ಟಿ ಸಿಕ್ಕಿಬೀಳುತ್ತದೆ, ವಡಗೇರಾದ ಬಿಸಿಲಿನಲ್ಲಿ ಬಿಟ್ಟರೆ ಎರೆ ಒಣಗಿ ಕಲ್ಲಾಗಿ, ತಿರುಗಬೇಕಾದ ರೋಲರ್ ತಿರುಗದೆ ಒಂದೇ ಮಗ್ಗುಲಲ್ಲಿ ಉಜ್ಜಿ ಚಪ್ಪಟೆಯಾಗುತ್ತದೆ.

ಭಾರತದ ಬೇಸಾಯಕ್ಕೆ ಚೈನ್ ಟ್ರ್ಯಾಕ್ಟರುಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಎರಡನೆಯ ಮಹಾಯುದ್ಧದ ಉಳಿಕೆಯಾಗಿ. ಅಮೆರಿಕದ ಸೈನ್ಯ ಇಲ್ಲಿ ಬಿಟ್ಟುಹೋದ ಯಂತ್ರಗಳನ್ನು ಕೂಡಿಸಿ ಕೇಂದ್ರ ಸರ್ಕಾರ ಕಟ್ಟಿದ ಸೆಂಟ್ರಲ್ ಟ್ರ್ಯಾಕ್ಟರ್ ಆರ್ಗನೈಸೇಷನ್, ಮಧ್ಯಭಾರತದ ಕಪ್ಪುನೆಲವನ್ನು ನುಂಗಿದ್ದ ಕಾನ್ಸ್ ಎಂಬ ಹುಲ್ಲನ್ನು ಬೇರುಸಹಿತ ಕೀಳುವ ಕೆಲಸಕ್ಕೆ ಇಳಿಯಿತು. ವಿಶ್ವಬ್ಯಾಂಕು ಭಾರತಕ್ಕೆ ಕೊಟ್ಟ ಎರಡನೆಯ ಸಾಲವೇ, ಅಂದರೆ 1949ರ ಸೆಪ್ಟೆಂಬರಿನ ಒಂದು ಕೋಟಿ ಡಾಲರ್, ಈ ಕೆಲಸಕ್ಕೆ ಬೇಕಾದ ಕೃಷಿ ಯಂತ್ರಗಳಿಗೆಂದು ಮಂಜೂರಾದದ್ದು. ನೆಲದಾಳದಲ್ಲಿ ಗೆಣ್ಣು ಗೆಣ್ಣಾಗಿ ಹಬ್ಬುವ ಕಾನ್ಸಿನ ಬೇರು ಎತ್ತಿನ ನೇಗಿಲಿಗೆ ನಿಲುಕದು. ಭಾರಿ ನೇಗಿಲಿನಿಂದ ಬೇಸಿಗೆಯಲ್ಲಿ ಆಳಕ್ಕೆ ಸೀಳಿ, ಹೆಂಟೆಗಳನ್ನು ಮಗುಚಿ, ಬೇರನ್ನು ಬಿಸಿಲಿಗೆ ಒಣಗಿಸುವುದೊಂದೇ ದಾರಿ. ಕರಿಕೆ ಮತ್ತು ಜೇಕು ಹಬ್ಬಿದ ಎರೆಹೊಲವನ್ನು ಮಾಗಿಯಲ್ಲಿ ಆಳವಾಗಿ ಉಳುವ ಯಾದಗಿರಿ ಸೀಮೆಯ ರೈತರಿಗೆ ಈ ಸೂತ್ರ ಹೊಸದೇನಲ್ಲ.

ಹಿಮದಲ್ಲಿ ಚೈನು ಓಡಿಸಿದ ಭಾರತದ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲು ನಿರೀಕ್ಷೆಗಿಂತ ದೊಡ್ಡದು. ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು ಜೋಜಿಲಾ ಕಣಿವೆದಾರಿಯಲ್ಲಿ ಸ್ಟುವರ್ಟ್ ಹಗುರ ಟ್ಯಾಂಕುಗಳು ಕಾಣಿಸಿಕೊಂಡು ಎದುರಾಳಿಯನ್ನು ದಿಗಿಲುಗೊಳಿಸಿದಾಗ, ಆ ಕಾರ್ಯಾಚರಣೆಯ ಸೂತ್ರಧಾರರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಹೇಸರಗತ್ತೆಗಳು ನಡೆಯುತ್ತಿದ್ದ ಜಾಡನ್ನು ಟ್ಯಾಂಕಿನ ಚೈನು ಹಿಡಿಯುವಷ್ಟು ಅಗಲ ಮಾಡಿಕೊಟ್ಟವರು ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಯೋಧರು. 1960ರ ಮೇ 7ರಂದು ಗಡಿ ರಸ್ತೆಗಳ ಸಂಸ್ಥೆ ಹುಟ್ಟಿದ ಮೇಲೆ ಹಿಮ ತೆಗೆಯುವುದು ವರ್ಷವರ್ಷದ ಕಾಯಂ ಕೆಲಸವಾಯಿತು. ಅದಕ್ಕೆ ಬೇಕಾದ ಡೋಜರುಗಳನ್ನು ಒದಗಿಸಿದ ಕಾರ್ಖಾನೆಗಳಲ್ಲಿ ಮುಖ್ಯವಾದುದು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿದೆ. 1964ರ ಮೇ ತಿಂಗಳಲ್ಲಿ ಸ್ಥಾಪನೆಯಾದ ಭಾರತ್ ಅರ್ತ್ ಮೂವರ್ಸ್, ಅಂದರೆ ಇಂದಿನ ಬೆಮೆಲ್, ಜಪಾನಿನ ಕೊಮಾತ್ಸು ಕಂಪನಿಯ ತಾಂತ್ರಿಕ ಸಹಕಾರದಿಂದ ಕೆಜಿಎಫ್‌ನಲ್ಲಿ ತಯಾರಿಸಿದ ಡಿ-50, ಡಿ-80 ಮಾದರಿಯ ಹಳದಿ ಯಂತ್ರಗಳು ಹಿಮಾಲಯದ ರಸ್ತೆಗಳಲ್ಲೂ ಕರ್ನಾಟಕದ ಅಣೆಕಟ್ಟು, ಕಾಲುವೆಗಳ ಕಾಮಗಾರಿಯಲ್ಲೂ ಒಟ್ಟೊಟ್ಟಿಗೆ ದುಡಿದವು. ಜೋಜಿಲಾದಲ್ಲಿ ಡೋಜರ್ ಮೊದಲು ಹಿಮವನ್ನು ಪದರ ಪದರವಾಗಿ ಕೆತ್ತಿ ಕಣಿವೆಯ ಕಡೆಗೆ ತಳ್ಳುತ್ತದೆ, ಗೋಡೆಯಂತೆ ನಿಂತ ಹಿಮವನ್ನು ತಿರುಗುವ ಅಲಗಿನ ಯಂತ್ರ ಕತ್ತರಿಸಿ ದೂರಕ್ಕೆ ಎಸೆಯುತ್ತದೆ. ರಸ್ತೆಯ ಅಂಚು ಹಿಮದಡಿ ಎಲ್ಲಿದೆ ಎಂಬುದು ಕಣ್ಣಿಗೆ ಕಾಣದೆ ಚಾಲಕನ ನೆನಪಿಗೆ ಮಾತ್ರ ಗೊತ್ತಿರುತ್ತದೆ, ಮೇಲಿನಿಂದ ಹಿಮಕುಸಿತದ ಭಯ ಬೇರೆ. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ನಿಗೆ ಉಸಿರು ಸಾಲದು, ಡೀಸೆಲ್ಲಿನ ಮೇಣ ಹೆಪ್ಪುಗಟ್ಟಿ ಇಂಧನದ ಕೊಳವೆ ಕಟ್ಟಿಕೊಳ್ಳುತ್ತದೆ. ಲಡಾಖಿಗೆಂದೇ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಇಷ್ಟೆಲ್ಲ ಇದ್ದೂ 2023ರಲ್ಲಿ ಜೋಜಿಲಾ ದಾರಿ ಮುಚ್ಚಿದ್ದು 68 ದಿನ ಮಾತ್ರ, ಒಂದು ಕಾಲಕ್ಕೆ ಅದು ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು.

ವಡಗೇರಾ ಸೀಮೆಗೆ ಡೋಜರ್ ಬಂದ ಕತೆ ನೀರಿನ ಕತೆಯ ಜೊತೆ ಹೆಣೆದುಕೊಂಡಿದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ, ನಾರಾಯಣಪುರದ ಬಸವಸಾಗರ ಜಲಾಶಯ 1980ರ ದಶಕದ ಆರಂಭಕ್ಕೆ ಸಿದ್ಧವಾಗಿ, ಅದರ ಎಡದಂಡೆ ಕಾಲುವೆ ಮತ್ತು ಶಹಾಪುರ ಶಾಖಾ ಕಾಲುವೆಗಳ ಮೂಲಕ ಸುರಪುರ, ಶಹಾಪುರ ಭಾಗದ ಹೊಲಗಳಿಗೆ ನೀರು ಇಳಿಯತೊಡಗಿತು. ಆಗ ಶಹಾಪುರ ತಾಲ್ಲೂಕಿಗೇ ಸೇರಿದ್ದ ವಡಗೇರಾ, ಪ್ರತ್ಯೇಕ ತಾಲ್ಲೂಕಾದದ್ದು ಇತ್ತೀಚೆಗೆ. ಜೋಳ, ತೊಗರಿಗಳ ಹೊಲಕ್ಕೆ ಇಳಿಜಾರಿದ್ದರೂ ನಡೆಯುತ್ತಿತ್ತು. ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ ಮಾತ್ರ ಹೊಲವನ್ನು ಮಟ್ಟಸವಾದ ಮಡಿಗಳಾಗಿ ಒಡೆಯಲೇಬೇಕು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಈ ಕೆಲಸವನ್ನು ಯಂತ್ರದಿಂದಲೇ ಮಾಡಿಸಿದರು, ಅವರನ್ನು ನೋಡಿ ಸ್ಥಳೀಯರೂ ಡೋಜರ್ ಹೊಡೆಸಿದರು. ಭೀಮರಾಯನಗುಡಿಯಲ್ಲಿ ಕಚೇರಿಯಿರುವ ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಜನರ ಬಾಯಲ್ಲಿ ಕಾಡಾ, ಹೊಲಗಾಲುವೆ ಮತ್ತು ಭೂಮಿ ಸಮತಟ್ಟಿನ ಹೊಣೆ ಹೊತ್ತಿತು.

ಹೊಲ ಮಟ್ಟ ಮಾಡುವ ಡೋಜರಿನ ಕೆಲಸ ಕಂಡಷ್ಟು ಸುಲಭದ್ದಲ್ಲ, ಅದರ ಹಾನಿಯನ್ನು ಆ ಕಾಲದ ಉತ್ಸಾಹ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೇ ಹೇಳಬೇಕು. ಏರಿನ ಮೇಲ್ಮಣ್ಣನ್ನು ಬ್ಲೇಡ್ ಕೆರೆದು ತಗ್ಗಿಗೆ ತುಂಬಿದಾಗ, ಹೊಲದ ಅರ್ಧಭಾಗದಲ್ಲಿ ನೂರಾರು ವರ್ಷ ಗೊಬ್ಬರ ಉಂಡ ಮಣ್ಣು ಎರಡು ಪದರವಾಗಿ ಕೂತು, ಉಳಿದರ್ಧದಲ್ಲಿ ಸುಣ್ಣದ ಹರಳುಗಳಿರುವ ಅಡಿಮಣ್ಣು ಮೇಲೆ ತೆರೆದುಕೊಳ್ಳುತ್ತದೆ. ಅಲ್ಲಿ ಸತುವಿನ ಕೊರತೆಯಿಂದ ಭತ್ತದ ಸಸಿ ಕೆಂಪಡರಿ ಕುಗ್ಗುತ್ತದೆ, ಇಳುವರಿ ಸಮನಾಗಲು ಹಲವು ಬೆಳೆ ಹಿಡಿಯುತ್ತವೆ. ಮೇಲ್ಮಣ್ಣನ್ನು ಮೊದಲು ಬದಿಗೆ ಗುಡ್ಡೆ ಹಾಕಿ, ಅಡಿಮಣ್ಣನ್ನು ಮಟ್ಟ ಮಾಡಿ, ಆಮೇಲೆ ಅದನ್ನೇ ಮೇಲೆ ಹರಡುವುದು ಸರಿಯಾದ ಕ್ರಮವಾದರೂ, ಗಂಟೆ ಲೆಕ್ಕದ ಬಾಡಿಗೆಯಲ್ಲಿ ಯಂತ್ರವನ್ನು ಎರಡು ಸಲ ಓಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಮಿತಿಮೀರಿ ನೀರು ಕಟ್ಟಿದ ಎರೆ ಮುಂದೆ ಸವಳು ಜವಳಾದಾಗ, ಅಂದರೆ ಉಪ್ಪು ಮೇಲೆದ್ದು ನೀರು ಇಂಗದೆ ನಿಂತಾಗ, ಬಸಿಗಾಲುವೆ ತೋಡಲು ಆ ನೆಲಕ್ಕೆ ಇಳಿಯಬಲ್ಲದ್ದು ಮತ್ತೆ ಚೈನಿನ ಯಂತ್ರವೇ. ರೋಗ ತರುವುದಕ್ಕೂ ಮದ್ದು ಮಾಡುವುದಕ್ಕೂ ಒಂದೇ ಯಂತ್ರ ಬರುವ ಈ ವಿಪರ್ಯಾಸ ಅಚ್ಚುಕಟ್ಟಿನ ಚರಿತ್ರೆಯುದ್ದಕ್ಕೂ ಇದೆ.

ಅಮೆರಿಕದ ಚಳಿನಾಡುಗಳಲ್ಲಿ ಅರ್ಧ ಶತಮಾನಕ್ಕೂ ಹಳೆಯದಾದ ಕ್ಯಾಟರ್ಪಿಲ್ಲರ್ ಡಿ-2, ಆಲಿವರ್ ಓಸಿ-3 ಮುಂತಾದ ಸಣ್ಣ ಚೈನ್ ಟ್ರ್ಯಾಕ್ಟರುಗಳನ್ನು ಕೊಂಡು, ಮನೆಯ ದಾರಿಯ ಹಿಮ ತೆಗೆಯಲು, ಸೌದೆಯ ದಿಮ್ಮಿ ಎಳೆಯಲು, ಬೇಲಿಯ ಬುಡ ಸರಿಮಾಡಲು ಬಳಸುವ ಕುಟುಂಬಗಳಿವೆ. ಡಿ-2 ತಯಾರಾದದ್ದು 1938ರಿಂದ 1957ರವರೆಗೆ. ಅದರ ಡೀಸೆಲ್ ಎಂಜಿನ್ನನ್ನು ಎಬ್ಬಿಸಲು ಪಕ್ಕದಲ್ಲಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ ಇದ್ದು, ಅದು ಕೆಲವು ನಿಮಿಷ ಓಡಿ ತಣ್ಣಗಿನ ದೊಡ್ಡ ಎಂಜಿನ್ನಿಗೆ ಬಿಸಿಯನ್ನೂ ದಾಟಿಸಿದ ಮೇಲೆಯೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ವಡಗೇರಾ ಭಾಗದಲ್ಲಿ ಇಂಥ ಮನೆಬಳಕೆಯ ಕೆಲಸಗಳ ರೂಪ ಬೇರೆ: ಬೀಳುಬಿದ್ದ ಹೊಲವನ್ನು ಆವರಿಸಿದ ಬಳ್ಳಾರಿ ಜಾಲಿಯನ್ನು ಬೊಡ್ಡೆಸಹಿತ ಎಬ್ಬಿಸುವುದು, ಕೊಚ್ಚಿಹೋದ ಒಡ್ಡನ್ನು ಮತ್ತೆ ಏರಿಸುವುದು, 2020ರ ಅಕ್ಟೋಬರಿನಂಥ ಭೀಮಾ ಪ್ರವಾಹ ಇಳಿದ ಮೇಲೆ ನದಿದಂಡೆಯ ಹೊಲದಲ್ಲಿ ಉಳಿದ ಮರಳು ಮತ್ತು ರೇವೆಯನ್ನು ಸರಿಸುವುದು. ಬಳ್ಳಾರಿ ಜಾಲಿಯನ್ನು ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ಬೊಡ್ಡೆಯ ಅಡಿಗೆ ಬ್ಲೇಡಿನ ಮೂಲೆಯನ್ನು ತೂರಿಸಿ, ಯಂತ್ರದ ತೂಕವನ್ನೆಲ್ಲ ಅದರ ಹಿಂದೆ ನಿಲ್ಲಿಸಿ ಮೇಲಕ್ಕೆತ್ತಿದಾಗ ಮಾತ್ರ ಅದು ಹೊಲ ಬಿಡುತ್ತದೆ.

ಗಣಿ ಕಂಪನಿಗಳು ಮತ್ತು ಸರ್ಕಾರಿ ಇಲಾಖೆಗಳು ಹರಾಜಿಗಿಟ್ಟ ಹಳೆಯ ಡೋಜರನ್ನು ಕೊಳ್ಳುವವನು ಎಂಜಿನ್ನಿನ ಸದ್ದಿಗಿಂತ ಮೊದಲು ಚೈನಿನ ಕೆಳಭಾಗವನ್ನು ನೋಡಬೇಕು, ಏಕೆಂದರೆ ಇಂಥ ಯಂತ್ರದ ದುರಸ್ತಿ ಖರ್ಚಿನಲ್ಲಿ ಅರ್ಧದಷ್ಟನ್ನು ನುಂಗುವುದು ಅದೇ. ಸ್ಪ್ರಾಕೆಟ್ಟಿನ ಹಲ್ಲುಗಳು ಚೂಪಾಗಿ ಒಂದು ಕಡೆಗೆ ವಾಲಿದ್ದರೆ ಬುಷ್‌ಗಳ ಆಯುಸ್ಸು ಮುಗಿದಿದೆ ಎಂದು ತಿಳಿಯಬೇಕು. ಬುಷ್‌ಗಳು ಒಂದೇ ಮಗ್ಗುಲಲ್ಲಿ ಸವೆಯುವುದರಿಂದ ಕಾರ್ಖಾನೆಯಲ್ಲಿ ಅವನ್ನು ಒತ್ತಿ ತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಚೈನಿಗೆ ಇನ್ನೊಂದು ಅವಧಿ ಸಿಗುತ್ತದೆ, ಆದರೆ ಆ ಕಾಲ ಮೀರಿ ಓಡಿಸಿದವನಿಗೆ ಅದೂ ಇಲ್ಲ. ಯಾವಾಗಲೂ ಒಂದೇ ಬದಿಗೆ ತಿರುಗಿಸುವ ಮತ್ತು ಹಿಂದಕ್ಕೆ ವೇಗವಾಗಿ ಓಡಿಸುವ ಚಾಲಕ ಮಾಲೀಕನ ದುಡ್ಡನ್ನು ಮಣ್ಣಿನಲ್ಲಿ ಉಜ್ಜುತ್ತಾನೆ. ಜೊತೆಗೆ ಚೈನ್ ಯಂತ್ರ ಡಾಂಬರು ರಸ್ತೆಯ ಮೇಲೆ ತಾನೇ ನಡೆದು ಬರುವಂತಿಲ್ಲ, ಗ್ರೌಸರುಗಳು ಡಾಂಬರನ್ನು ಸೀಳುತ್ತವೆ; ಗಂಟೆಗೆ ಎಂಟು ಹತ್ತು ಕಿಲೋಮೀಟರಿಗಿಂತ ಹೆಚ್ಚು ಓಡದ ಯಂತ್ರವನ್ನು ಊರಿಂದೂರಿಗೆ ಸಾಗಿಸಲು ತಗ್ಗು ಟ್ರೇಲರ್ ಬೇಕು. ಎರಡು ಗಂಟೆಯ ಕೆಲಸಕ್ಕೆ ಟ್ರೇಲರಿನ ಬಾಡಿಗೆಯನ್ನೂ ಕೂಡಿಸಿದಾಗ ಲೆಕ್ಕ ತಪ್ಪುತ್ತದೆ, ನಾಲ್ಕು ಹೊಲದವರು ಒಟ್ಟುಗೂಡಿ ತರಿಸಿದರೆ ಮಾತ್ರ ಹೊಂದುತ್ತದೆ.

ಆ ಲೆಕ್ಕವೇ ಹಳೆಯ ಡೋಜರನ್ನು ಹಿಂದೆ ಸರಿಸಿದೆ. ರಸ್ತೆಯ ಮೇಲೆ ತಾನೇ ಓಡಿಬರುವ ಜೆಸಿಬಿ ಸಣ್ಣ ಕೆಲಸಗಳನ್ನೆಲ್ಲ ಕಿತ್ತುಕೊಂಡಿತು. ಯಾವ ಕಂಪನಿಯದಾದರೂ ಜನ ಹಿಟಾಚಿ ಎಂದೇ ಕರೆಯುವ ಉದ್ದ ತೋಳಿನ ಯಂತ್ರ ಬೊಡ್ಡೆ ಕೀಳುವುದನ್ನೂ ಕಾಲುವೆ ತೋಡುವುದನ್ನೂ ತನ್ನದಾಗಿಸಿಕೊಂಡಿತು. ಗಾಲಿಯ ಟ್ರ್ಯಾಕ್ಟರ್ ಎಳೆಯುವ ಲೇಸರ್ ಲೆವೆಲರ್ ಮಡಿಯನ್ನು ಡೋಜರಿಗೆ ಸಾಧ್ಯವೇ ಇಲ್ಲದಷ್ಟು ನಯವಾಗಿ ಮಟ್ಟ ಮಾಡುತ್ತದೆ. ಆದರೂ ಹಿಟಾಚಿ ನಿಂತಿರುವುದು ಚೈನಿನ ಮೇಲೆಯೇ. ಭತ್ತದ ಗದ್ದೆಗಳಲ್ಲಿ ಸುಗ್ಗಿಯ ಹೊತ್ತಿಗೆ ಅಕಾಲಿಕ ಮಳೆ ಬಿದ್ದು ಗದ್ದೆ ಆರದೆ ಉಳಿದರೆ, ಗಾಲಿಯ ಕಟಾವು ಯಂತ್ರವನ್ನು ಬಿಟ್ಟು ರಬ್ಬರಿನ ಪಟ್ಟಿಯ ಮೇಲೆ ಓಡುವ ಚೈನ್ ಮಷಿನ್ನಿಗೆ ರೈತರು ಫೋನು ಹಚ್ಚುತ್ತಾರೆ, ಅದರ ಗಂಟೆಯ ಬಾಡಿಗೆ ಗಾಲಿ ಮಷಿನ್ನಿಗಿಂತ ಹೆಚ್ಚೆಂದು ಗೊತ್ತಿದ್ದೂ ಸರದಿಗಾಗಿ ಕಾಯುತ್ತಾರೆ.